ನೆರೆಮನೆಯವರು ಮಾಡಿದ್ದೇ ಸರಿ

ಪೆರ್ಲದ ಗೆಳೆಯರಿಗೆ ನಮಸ್ಕಾರ.

‘ಗೊತ್ತಿಲ್ಲದವರಿಗೇ ಧೈರ್ಯ ಜಾಸ್ತಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಕೈಯಲ್ಲಿ ಒಳ್ಳೆಯ ಬರವಣಿಗೆ ಇದೆ, ಅದಕ್ಕೇ ಕಾರಣವನ್ನು ಬಿಚ್ಚಿ ಹೇಳುತ್ತೇನೆ.

ಅಡಿಕೆಗೆ ಮದ್ದು ಬಿಡುವ ಭಾಗವೇ ಲೇಖನದ ಜೀವ. ಮಳೆ ಹಿಡಿಯುವ ಮೊದಲು, ಕೊಳೆರೋಗಕ್ಕೆಂದು ನೆರೆಮನೆಯವರು ಬೋರ್ಡೋ ಎನ್ನುವ ಮದ್ದು ಕದಡುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟು ಸರಿ. ಅವರು ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದದ್ದನ್ನು ನೀವು ‘ತಲೆಕೆಳಗು’ ಎಂದು ಬರೆದು, ಹುಂಬತನಕ್ಕೆ ಉದಾಹರಣೆ ಮಾಡಿದ್ದೀರಿ. ಅವರು ಮಾಡಿದ್ದೇ ಸರಿ. ಹಾಗೇ ನಿಧಾನಕ್ಕೆ ಹೊಯ್ಯುತ್ತಾ ಕದಡಬೇಕು. ಆಮೇಲೆ ಚೂರಿ ಅದ್ದಿದ್ದನ್ನು ‘ಏನೋ ನಂಬಿಕೆ’ ಎಂದಿದ್ದೀರಿ. ಹೊಳೆಯುವ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿದ್ದರೆ, ಸುಣ್ಣ ಸಾಲದು ಎಂದರ್ಥ. ತುತ್ತದಲ್ಲಿರುವ ತಾಮ್ರ ಇನ್ನೂ ಉಳಿದಿದೆ, ಹಾಗೇ ಬಿಟ್ಟರೆ ಗಿಡ ಸುಡುತ್ತದೆ. ಮದ್ದು ಮಾತ್ರ ನೋಡಲು ನೀಲಿಯಾಗಿ ಚಂದವೇ ಇರುತ್ತದೆ. ಬರೇ ಕಣ್ಣಿಗೆ ಕೊರತೆ ಗೊತ್ತಾಗುವುದಿಲ್ಲ. ನಿಮ್ಮ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಾ?

ಇನ್ನು ಮನಶ್ಶಾಸ್ತ್ರಜ್ಞರಾದ ಡನ್ನಿಂಗ್ ಮತ್ತು ಕ್ರೂಗರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ. ‘ದಡ್ಡರು ತಾವೇ ಎಲ್ಲರಿಗಿಂತ ಮೇಲು ಅಂದುಕೊಳ್ಳುತ್ತಾರೆ’ ಎಂದು ಬರೆದಿದ್ದೀರಿ. ಅಲ್ಲಿ ಹಾಗಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣ, ಹಾಸ್ಯದ ಪರೀಕ್ಷೆ ಕೊಟ್ಟಿದ್ದರು. ನೂರು ಜನರನ್ನು ಅಂಕದಂತೆ ಸಾಲಾಗಿ ನಿಲ್ಲಿಸಿದರೆ, ಕೆಳಗಿನಿಂದ 12ರ ಹತ್ತಿರ ನಿಲ್ಲಬೇಕಾದವರು ತಾವು 62ರಲ್ಲಿ ಇದ್ದೇವೆ ಅಂದುಕೊಂಡಿದ್ದರು. ಅಂದರೆ, ಎಲ್ಲರಿಗಿಂತ ಮೇಲಲ್ಲ, ನಡುವಿಗಿಂತ ಸ್ವಲ್ಪ ಮೇಲೆ. ಅವರು ದಡ್ಡರೂ ಅಲ್ಲ, ಆ ಕೆಲಸದಲ್ಲಿ ಪಳಗದವರು. ವಾಕ್ಯ ಸರಿಯಾಗಿ ಬರೆಯಲು ಯಾವ ತಿಳಿವಳಿಕೆ ಬೇಕೋ, ತಪ್ಪು ವಾಕ್ಯ ಕಂಡುಹಿಡಿಯಲೂ ಅದೇ ಬೇಕು. ಅದು ಇಲ್ಲದವರಿಗೆ ತಮ್ಮ ತಪ್ಪು ಕಾಣುವುದಾದರೂ ಹೇಗೆ? ತರ್ಕದಲ್ಲಿ ಹಿಂದುಳಿದವರಿಗೆ ಸ್ವಲ್ಪ ಪಾಠ ಹೇಳಿಕೊಟ್ಟಾಗ, ಅವರೇ ತಮ್ಮ ಅಂದಾಜನ್ನು ಇಳಿಸಿದರು. ಈ ಭಾಗವನ್ನು ನೀವು ಬಿಟ್ಟೇ ಬಿಟ್ಟಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಇದರಲ್ಲಿ ಒಂದು ಪಾಲು ಬರೇ ಅಂಕಿಅಂಶದ ಲೆಕ್ಕದಿಂದ ಬರುವ ಪರಿಣಾಮ ಎನ್ನುವ ವಾದವೂ ಇದೆ, ಒಂದು ಸಾಲು ಸೇರಿಸಿ.

ನಿಮ್ಮ ಕಾಗದದಲ್ಲಿ ‘ತಿದ್ದುವ ಅಗತ್ಯ ಬೀಳದು’ ಎಂದಿತ್ತು. ಆ ಮಾತು ಓದಿ ಬೇಸರವಾಗಲಿಲ್ಲ, ಚಿಂತೆಯಾಯಿತು. ಇಪ್ಪತ್ತರ ವಯಸ್ಸಿಗೆ ಹಾಗನ್ನಿಸುವುದು ಸಹಜ ಅಲ್ವಾ? ಆದರೆ ಲೇಖನದಲ್ಲಿ ನೀವು ಎಲ್ಲೂ ಇಲ್ಲ, ತಪ್ಪೆಲ್ಲ ಬೇರೆಯವರದ್ದೇ.

ಈ ಸಲ ಮದ್ದು ಬಿಡುವ ದಿನ ಅವರ ಅಂಗಳಕ್ಕೆ ಹೋಗಿ. ಸುಮ್ನೆ ನೋಡುವುದಲ್ಲ, ಕೋಲು ಹಿಡಿದು ಕದಡಿ, ಚೂರಿಯನ್ನೂ ನೀವೇ ಅದ್ದಿ. ಆಮೇಲೆ ಆ ಭಾಗವನ್ನು ಹೊಸದಾಗಿ ಬರೆದು ಕಳಿಸಿ. ಆಟಿ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ತೆಗೆದಿಟ್ಟಿದ್ದೇನೆ.