ಕೇರ್‌ಟೇಕರ್ ಗೊತ್ತುಮಾಡುವ ಮುನ್ನ: ಹುಬ್ಬಳ್ಳಿಯ ಒಂದು ಪ್ರಕರಣ

ಮನೆಯ ಹಿರಿಯರನ್ನು ನೋಡಿಕೊಳ್ಳಲು ಯಾವ ಏಜೆನ್ಸಿಯಿಂದ ಜನರನ್ನು ಕರೆಸಬೇಕು ಎಂಬ ಪ್ರಶ್ನೆ ಹೊತ್ತು ಹುಬ್ಬಳ್ಳಿ-ಧಾರವಾಡದ ಅನೇಕ ಕುಟುಂಬಗಳು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬರುತ್ತವೆ. ಬಹುತೇಕರ ಮೊಬೈಲಿನಲ್ಲಿ ನಾಲ್ಕಾರು ಏಜೆನ್ಸಿಗಳ ದರಗಳು ಸಿದ್ಧವಾಗಿರುತ್ತವೆ. ಯಾವ ಕೆಲಸಕ್ಕಾಗಿ ಜನ ಬೇಕು ಎಂಬುದೊಂದೇ ತೀರ್ಮಾನವಾಗಿರುವುದಿಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿರುವ ಪ್ರಕರಣವೂ ಅಂಥದ್ದೇ.

ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು; ಮಾತು ತೊದಲುತ್ತಿತ್ತು. ಎಪ್ಪತ್ತು ದಾಟಿದ ಪತ್ನಿಯೇ ಅವರನ್ನು ನೋಡಿಕೊಳ್ಳುತ್ತಿದ್ದರು. ಹಗಲು 12 ತಾಸಿನ ಕೇರ್‌ಟೇಕರ್ ಸಾಕೆಂದು ಪುಣೆಯಲ್ಲಿರುವ ಮಗ, 24 ತಾಸಿನವರೇ ಬೇಕೆಂದು ಬೆಳಗಾವಿಯ ಮಗಳು ಹಟ ಹಿಡಿದಿದ್ದರು.

ಆ ಹಿರಿಯರನ್ನೂ ಕೂಡಿಸಿಕೊಂಡೇ ಮಾತಾಡೋಣವೆಂದು ನಾನು ಅವರ ಮನೆಗೇ ಹೋದೆ. ಮಗನಿಗೆ ಇದು ಹಿಡಿಸಲಿಲ್ಲ. "ಮೇಡಂ, ಅಪ್ಪಾರ ಮುಂದ ಇದೆಲ್ಲಾ ಬ್ಯಾಡ್ರಿ, ಅವರ ಮನಸಿಗೆ ಹತ್ತತೈತಿ" ಎಂದರು. ಯಾರ ಮೈಯನ್ನು ಹೊರಗಿನವರೊಬ್ಬರು ದಿನವೂ ತೊಳೆಯಬೇಕಾಗಿದೆಯೋ ಅವರನ್ನು ಬಿಟ್ಟು ಆ ಹೊರಗಿನವರನ್ನು ಆರಿಸುವುದು ನನಗೆ ಒಪ್ಪಿಗೆಯಿಲ್ಲದ ಕೆಲಸವೆಂದು ಹೇಳಿ, ಒಂದು ದಿನದಲ್ಲಿ ಅಪ್ಪನಿಗಾಗಿ ನಡೆಯುವ ಕೆಲಸಗಳನ್ನೆಲ್ಲ ಬರೆಯಲು ಮಗನ ಕೈಗೆ ಹಾಳೆ ಕೊಟ್ಟೆ. ಅವರು ಬರೆದು ಗಟ್ಟಿಯಾಗಿ ಓದಿದರು: ಮುಂಜಾನೆ ಮುಖ ತೊಳೆಸುವುದು, ಚಹಾ, ಸ್ನಾನ, ಗುಳಿಗೆ, ಊಟ, ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ, ಸಂಜೆ ಅಂಗಳದಲ್ಲಿ ಕೂಡಿಸುವುದು, ರಾತ್ರಿ ಊಟ.

ಹಿರಿಯರು ಎಡಗೈ ಎತ್ತಿದರು. ತಡೆತಡೆದು, "ಊಟ ಆದಮ್ಯಾಲಿಂದು ಬರದಿಲ್ಲಲ್ಲೋ" ಎಂದರು.

"ಅದರಾಗ ಬರಿಯೂದು ಏನೈತ್ರಿ, ನಾ ಏಳ್ತೀನಲ್ಲ" ಎಂದು ಪತ್ನಿ ತಕ್ಷಣ ಹೇಳಿದರು.

"ನೀ ಏಳಬಾರದಂತನ ನಾ ಸಂಜಿಗೇ ನೀರು ಬಿಟ್ಟೀನಿ."

ಆ ವರ್ಷ ಅವರಿಗೆ ಎರಡು ಸಲ ಮೂತ್ರದ ಸೋಂಕು ತಗುಲಿತ್ತು. ನೀರು ಕುಡಿಯಲು ವೈದ್ಯರು ಹೇಳಿದರೂ ಕೇಳದಿರುವುದನ್ನು ಮಕ್ಕಳು ಮುದುಕರ ಹಟವೆಂದು ತಿಳಿದಿದ್ದರು. ಮೂತ್ರಕ್ಕೆಂದು ನಡುರಾತ್ರಿ ಮೂರು ನಾಲ್ಕು ಸಲ ಅವರನ್ನು ಎಬ್ಬಿಸಿ ಕೂಡಿಸಬೇಕಾಗುತ್ತಿತ್ತೆಂದೂ, ಹಾಗೆ ಎತ್ತುವಾಗ ಒಮ್ಮೆ ಇಬ್ಬರೂ ಬಿದ್ದಿದ್ದರೆಂದೂ ಆಮೇಲೆ ಹೊರಬಂತು. ಮಗಳು ಅತ್ತರು, ಮಗ ಹಾಳೆಯನ್ನು ಮತ್ತೆ ಕೈಗೆ ತೆಗೆದುಕೊಂಡರು.

ರಾತ್ರಿಯ ಪಾಳಿಗೆ ಒಬ್ಬ ಗಂಡಸನ್ನು ಗೊತ್ತುಮಾಡಿಕೊಳ್ಳಿ, ಹಗಲಿಗೆ ಅಡಿಗೆಯವರೊಬ್ಬರು ಸಿಕ್ಕರೆ ಸದ್ಯಕ್ಕೆ ನಡೆದೀತು ಎಂದು ನಾನು ಸಲಹೆ ಕೊಟ್ಟೆ. ಆಪ್ತಸಲಹೆಗಾರರು ಇಷ್ಟು ನೇರವಾಗಿ ಹೇಳಬಾರದೆಂಬ ಮಾತು ನನಗೆ ಗೊತ್ತಿಲ್ಲದ್ದಲ್ಲ. ಆದರೆ ದಣಿದ ಕುಟುಂಬವನ್ನು ಮೂರು ಭೇಟಿಗಳವರೆಗೆ ಕೇವಲ ಕೇಳಿಸಿಕೊಳ್ಳುತ್ತ ಕೂತರೆ, ಆ ಮೂರು ವಾರವೂ ಆ ತಾಯಿ ನಿದ್ದೆಗೆಡುತ್ತಿರುತ್ತಾರೆ. 24 ತಾಸಿನ ಕೇರ್‌ಟೇಕರ್ ಎಂದರೆ ಮನೆಯಲ್ಲೇ ಉಳಿಯುವವರೇ ಹೊರತು ಇಡೀ ದಿನ ಎಚ್ಚರವಿರುವವರಲ್ಲ, ಅವರೂ ಮಲಗಲೇಬೇಕು ಎಂಬುದನ್ನು ಮಗಳಿಗೆ ಬಿಡಿಸಿ ಹೇಳಬೇಕಾಯಿತು.

ಏಜೆನ್ಸಿಯನ್ನು ಆರಿಸುವಾಗ ಕೇಳಬೇಕಾದದ್ದು ಆಮೇಲಿನ ಮಾತು. ಕೇರ್‌ಟೇಕರ್ ಬೇರೆ, ನರ್ಸ್ ಬೇರೆ. ನರ್ಸಿಂಗ್ ಕೋರ್ಸುಗಳಲ್ಲಿ ಎಎನ್‌ಎಂ (ಸಹಾಯಕ ನರ್ಸಿಂಗ್ ಮತ್ತು ಪ್ರಸೂತಿ ಆರೈಕೆ) ಎರಡು ವರ್ಷದ, ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಪ್ರಸೂತಿ ಆರೈಕೆ) ಮೂರು ವರ್ಷದ ಶಿಕ್ಷಣವಾಗಿದ್ದು, ಕಲಿತವರು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಇಂಜೆಕ್ಷನ್ ಕೊಡುವುದು, ಕ್ಯಾಥೆಟರ್ (ಮೂತ್ರದ ನಳಿಕೆ) ಬದಲಿಸುವುದು ಅಂಥವರ ಕೆಲಸ. ನರ್ಸಿನ ದರ ತೆತ್ತು ಬರೀ ಕೇರ್‌ಟೇಕರನ್ನು ಪಡೆದ ಮನೆಗಳನ್ನು ನಾನು ಕಂಡಿದ್ದೇನೆ. ಬರುವವರ ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆಯ ಕಾಗದ, ಒಬ್ಬರು ಬಾರದಿದ್ದರೆ ಎಷ್ಟು ತಾಸಿನೊಳಗೆ ಇನ್ನೊಬ್ಬರನ್ನು ಕಳಿಸಲಾಗುವುದೆಂಬ ಲಿಖಿತ ಕರಾರು, ಇಷ್ಟನ್ನು ಕೇಳದೆ ಮುಂಗಡ ಕೊಡಬಾರದು. ಬಂಗಾರ, ಬ್ಯಾಂಕಿನ ಕಾಗದಪತ್ರಗಳನ್ನು ಕೀಲಿ ಹಾಕಿಡುವುದು ಬಂದವರ ಹಿತಕ್ಕೂ ಒಳ್ಳೆಯದು. "ನಮ್ಮ ಮಂದಿನ ಬೇಕ್ರಿ" ಎಂದು ಜಾತಿ ನೋಡಿ ಹುಡುಕುವವರು ಈಗಲೂ ಬಹಳ ಇದ್ದಾರೆ. ಆ ಹುಡುಕಾಟದಲ್ಲಿ ತಿಂಗಳು ಕಳೆಯುತ್ತದೆ, ಸೊಸೆಯ ಸೊಂಟ ಹೋಗುತ್ತದೆ.

ಮೊದಲ ದಿನವೇ, ಹಾಸಿಗೆಯಿಂದ ಕುರ್ಚಿಗೆ ಹೇಗೆ ಕೂಡಿಸುತ್ತೀರೆಂದು ಮಾಡಿ ತೋರಿಸಲು ಹೇಳಿ ಎಂದೂ ಸೂಚಿಸಿದ್ದೆ. ಲಕ್ವಾ ಹೊಡೆದ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ಸರಿಯುವ ಅಪಾಯವಿದೆ; ಕೆಲಸ ಬಲ್ಲವರು ಆ ಕೈ ಹಿಡಿದು ಜಗ್ಗುವುದಿಲ್ಲ. ಮಾಡುವ ಮೊದಲು ಅವರು ಹಿರಿಯರಿಗೆ ಒಂದು ಮಾತು ಹೇಳುತ್ತಾರೋ ಇಲ್ಲವೋ ಎಂಬುದನ್ನೂ ಗಮನಿಸಬೇಕು. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕೆಂದು ತಿಳಿಯದವರು ಎಷ್ಟೇ ಕಡಿಮೆ ಪಗಾರಕ್ಕೆ ಬಂದರೂ ಬೇಡ. ಕಿರುಕುಳದ ಅನುಮಾನ ಬಂದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಆ ಸಂಖ್ಯೆಯನ್ನು ಹಿರಿಯರ ಕೈಗೆಟಕುವ ಕಡೆ ಬರೆದಿಡಬೇಕು.

ಈ ಮನೆಗೆ ಬಂದ ಮೊದಲನೆಯವನು ಪಾಳಿಯಲ್ಲೇ ಗೊರಕೆ ಹೊಡೆದ. ಕರಾರಿನಲ್ಲಿ ಬರೆದಿದ್ದರಿಂದ ಏಜೆನ್ಸಿಯವರು ಮರುದಿನವೇ ಬೇರೊಬ್ಬನನ್ನು ಕಳಿಸಿದರು. ಎರಡನೆಯವನು ನಿಂತಿದ್ದಾನೆ. ಖರ್ಚನ್ನು ಮಗ, ಮಗಳು ಹೇಗೆ ಹಂಚಿಕೊಳ್ಳಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕಾಗಿ ಮುಂದಿನ ವಾರ ಅವರಿಬ್ಬರನ್ನೂ ಕರೆದಿದ್ದೇನೆ.