ಟ್ರೇಲರ್‌ಗೆ ಎಂಥಾ ಕೀಲಿ ಹಾಕ್ಬೇಕ್ರಿ?

ಪ್ರಶ್ನೆ: ನಮಸ್ಕಾರ್ರಿ. ನಮ್ದು ಶಿಗ್ಗಾವಿ ತಾಲೂಕಿನ್ಯಾಗ ಹೈವೇಕ ಹತ್ತಿದ ಹಳ್ಳಿ. ಮನಿ ಮುಂದ ಜಾಗಾ ಸಾಲಂಗಿಲ್ಲ ಅಂತ ಟ್ರ್ಯಾಕ್ಟರ್ ಅಷ್ಟ ಮನೀಗೆ ತಂದು ಟ್ರೇಲರ್ ಕಣದಾಗ ಬಿಟ್ಟು ಬರ್ತೀವಿ. ಹೋದ ತಿಂಗಳ ಬಾಜೂ ಊರಾಗ ಒಬ್ರ ಟ್ರೇಲರ್ ರಾತ್ರೋರಾತ್ರಿ ಹೋತು, ಬೆಳಿಗ್ಗೆ ನೋಡಿದ್ರ ಗಾಲಿ ಗುರ್ತು ಅಷ್ಟ ಉಳಿದಿದ್ವು. ಅವತ್ತಿಂದ ನಮ್ಮಪ್ಪ ಕಣದಾಗ ಮಲಗಾಕ ಹೊಂಟಾರ, ವಯಸ್ಸು ಎಪ್ಪತ್ತು ದಾಟೈತಿ. ಒಂದು ದೊಡ್ಡ ಕೀಲಿ ಹಾಕಿದ್ರ ಸಾಕೇನ್ರಿ? ಟ್ರೇಲರ್ ವೆಲ್ಡಿಂಗ್ ಶಾಪಿನ್ಯಾಗ ಮಾಡಿಸಿದ್ದು, ನಂಬರ್ ಇಲ್ಲ.
— ಹೆಸರು ಹಾಕಬ್ಯಾಡ್ರಿ ಅಂದವರು

ಉತ್ತರ: ಮೊದ್ಲ ಅಪ್ಪಾರನ್ನ ಮನೀಗೆ ಕರ್ಕೊಂಡು ಬರ್ರಿ. ಟ್ರೇಲರ್ ಕದಿಯಾಕ ಬರೋರು ಟ್ರ್ಯಾಕ್ಟರ್ ತಗೊಂಡ ಬರ್ತಾರ, ಅಂದ್ರ ಒಬ್ಬವ ಇರಂಗಿಲ್ಲ, ಕತ್ತಲದಾಗ ಅವರ ಮುಂದ ಹಿರೇರು ಒಬ್ರ ನಿಂತು ಏನ್ ಮಾಡ್ತಾರ್ರಿ.

ಇನ್ನ ಕೀಲಿ ಮಾತು. ಟ್ರ್ಯಾಕ್ಟರ್‌ಗೆ ಚಾವಿ ಐತಿ, ಟ್ರೇಲರ್‌ಗೆ ಏನೈತಿ? ಮುಂದ ಒಂದು ಕೊಂಡಿ, ಅದಕ್ಕೊಂದು ಪಿನ್, ಅಷ್ಟ. ಯಾರದ್ದಾರ ಟ್ರ್ಯಾಕ್ಟರ್ ಹಿಂದಕ್ಕ ಸರಿಸಿ ಪಿನ್ ಇಳಿಸಿದ್ರ ಮುಗೀತು. ಮತ್ತ ನಮ್ಮ ಕಡೆ ರಾತ್ರಿ ಟ್ರ್ಯಾಕ್ಟರ್ ಸಪ್ಪಳ ಕೇಳಿ ಯಾರೂ ಎದ್ದು ನೋಡಂಗಿಲ್ಲ, ಕಬ್ಬು, ಗೋವಿನಜೋಳ, ಉಸುಕು ಅಂತ ಹೊತ್ತು ಮುಳುಗಿದ ಮ್ಯಾಲೂ ಓಡಾಡತಿರತಾವ (ಉಸುಕಿನ ಮಾತು ಇಲ್ಲಿ ಬ್ಯಾಡ ಬಿಡ್ರಿ). ಕೊಂಡಿ ತೂತಿಗೆ ಕೀಲಿ ಜಡಿದ್ರ ಪಿನ್ ಕೂಡಂಗಿಲ್ಲ ಖರೆ, ಆದ್ರ ಕಳ್ಳ ಹಗ್ಗಾನೋ ಚೈನೋ ಕಟ್ಟಿ ಎಳಕೊಂಡು ಹೋಗಬಹುದಲ್ಲ, ಅದಕ್ಕ ಕೊಂಡಿಗೆ ಅಷ್ಟ ಕೀಲಿ ಹಾಕಿ ಆರಾಮ್ ಮಲಗಬ್ಯಾಡ್ರಿ.

ನನ್ನ ಕೇಳಿದ್ರ, ವಾರಗಟ್ಟಲೆ ಕೆಲಸ ಇಲ್ದಾಗ ಒಂದು ಗಾಲಿ ಬಿಚ್ಚಿ ಮನಿಯೊಳಗ ಇಡೋದು ಎಲ್ಲಾಕಿಂತ ಚಲೋ. ಟ್ರೇಲರ್ ಖಾಲಿ ಇರಬೇಕು, ಜಾಕ್ ಮ್ಯಾಲ ಬಿಟ್ಟು ಬರಬಾರ್ದು, ಆಕ್ಸಲ್ ಕೆಳಗ ಅಗಲ ಕಲ್ಲು ಇಲ್ಲಾ ಕಟ್ಟಿಗಿ ದಿಮ್ಮಿ ಇಟ್ಟು ಇಳಸ್ರಿ, ಹುಡುಗೂರು ಕೆಳಗ ನುಸುಳಾಕ ಹೋಗದಂಗ ನೋಡ್ಕೋರಿ. ದಿನಾ ಬೇಕಾಗೋ ಟ್ರೇಲರ್‌ಗೆ ಇದು ಆಗಂಗಿಲ್ಲ, ಆವಾಗ ಕೊಂಡಿ ಗ್ವಾಡಿ ಕಡೆ ಬರೋಹಂಗ ತಿರುಗಿಸಿ ನಿಲ್ಲಸ್ರಿ, ಟ್ರ್ಯಾಕ್ಟರ್ ಒಳಗ ಹೋಗಾಕ ಜಾಗಾನ ಸಿಗಬಾರ್ದು, ಮ್ಯಾಲ ಆಕ್ಸಲ್‌ಗೆ ದಪ್ಪ ಚೈನ್ ಸುತ್ತಿ ಬೇವಿನ ಗಿಡಕ್ಕೋ ಕಾಂಕ್ರೀಟ್‌ನ್ಯಾಗ ಹುಗಿದ ಕಬ್ಬಿಣದ ಬಳೀಗೋ ಬಿಗೀರಿ. ಚೈನ್ ಸಡ್ಲ ಬಿಟ್ಟು ನೆಲಕ್ಕ ಬಿದ್ದಿದ್ರ ಕಟ್ಟರ್‌ನ ಒಂದು ಹಿಡಿಕಿ ನೆಲಕ್ಕ ಊರಿ ಇನ್ನೊಂದರ ಮ್ಯಾಲ ಮೈಭಾರ ಹಾಕಿ ಕಟ್ ಮಾಡ್ತಾರ, ಬಿಗಿಯಾಗಿ ಮ್ಯಾಲೆ ಇದ್ರ ಆ ಆಟ ನಡಿಯಂಗಿಲ್ಲ. ಕೀಲಿ ದೊಡ್ಡದಿರೋದ್ರಾಗ ಏನೂ ಇಲ್ರಿ, ಅದರ ಸರಳು ಹೊರಗ ಎಷ್ಟು ಕಡಿಮಿ ಕಾಣತೈತೋ ಅಷ್ಟು ಚಲೋ, ಅಂಗಡಿ ಶಟರ್‌ಗೆ ಹಾಕ್ತಾರಲ್ಲ ಅಂಥಾದ್ದು ತಗೋರಿ. ಗ್ರೈಂಡರ್ ತಂದ್ರ ಅದೂ ಉಳಿಯಂಗಿಲ್ಲ, ಆದ್ರ ಅದರ ಸಪ್ಪಳಕ್ಕ ಊರ ನಾಯಿ ಎಲ್ಲಾ ಏಳ್ತಾವ.

ನಂಬರ್ ಇಲ್ಲ ಅಂದ್ರಲ್ಲ, ನನಗ ಕಳ್ಳರಕಿಂತ ಅದರದ್ದ ಚಿಂತಿ. 1988ರ ಮೋಟಾರು ವಾಹನ ಕಾಯ್ದೆಯೊಳಗ ಟ್ರೇಲರೂ ವಾಹನಾನ, ಅದಕ್ಕ ಬ್ಯಾರೆ ರಿಜಿಸ್ಟ್ರೇಷನ್ ಬೇಕು, ಟ್ರ್ಯಾಕ್ಟರ್‌ನ ಕೆಎ-27 ನಂಬರ್ ಹಿಂದ ಬರದ್ರ ಮುಗೀಲಿಲ್ಲ. ನಾಳೆ ಅದು ಎಲ್ಯಾರ ಸಿಕ್ಕರೂ ನಿಮ್ದ ಅಂತ ಹೆಂಗ ತೋರಸ್ತೀರಿ, ಬಣ್ಣ ಬಳದು ಬಿಟ್ಟಿರ್ತಾರ. ಮಾಡಿಸಿದ ಬಿಲ್ ಹುಡುಕಿ ಆರ್‌ಟಿಓ ಆಫೀಸ್‌ಗೆ ಹೋಗಿ ಬರ್ರಿ. ಅಲ್ಲೀಮಟ ಚಾಸಿ ಒಳಮೈಗೆ, ಕಾಣದ ಎರಡು ಮೂರು ಕಡೆ ನಿಮ್ಮ ಗುರ್ತು ಪಂಚ್ ಹೊಡಸ್ರಿ, ಫೋಟೋ ತಗದು ಇಟ್ಕೋರಿ. ಇನ್ಶೂರೆನ್ಸೂ ಹಂಗ, ಬರೇ ಥರ್ಡ್ ಪಾರ್ಟಿ ಕಟ್ಟಿದ್ರ ಕಳವಿಗೆ ಒಂದು ರೂಪಾಯಿ ಬರಂಗಿಲ್ಲ, ಪಾಲಿಸಿಯೊಳಗ ಟ್ರೇಲರ್ ಹೆಸರು ಬ್ಯಾರೆ ಐತೇನು ನೋಡ್ಕೋರಿ.

ಕಳವಾದ್ರ ಅವತ್ತ ಕಂಪ್ಲೇಂಟ್ ಕೊಡ್ರಿ, ಹುಡುಕೋಣ ಹುಡುಕೋಣ ಅಂತ ನಾಕ ದಿನ ಕಳೀಬ್ಯಾಡ್ರಿ. ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಒಯ್ದಾಗ ಹೋತಂದ್ರೂ ಯಾವ ಸ್ಟೇಷನ್‌ನ್ಯಾಗಾದ್ರೂ ಜೀರೋ ಎಫ್‌ಐಆರ್ ಮಾಡಬಹುದು, 2024ರ ಜುಲೈ 1ಕ್ಕ ಜಾರಿ ಆದ ಹೊಸಾ ಕಾನೂನಿನ್ಯಾಗ ಅದನ್ನ ಬರದಾರ. ಪೊಲೀಸರಿಗೆ ಸಿಗಲಿಲ್ಲಂದ್ರ ಕೊನೀಗೆ ‘ಸಿ ರಿಪೋರ್ಟ್’ ಹಾಕ್ತಾರ, ಕ್ಲೇಮ್‌ಗೆ ಆ ಕಾಗದ ಬೇಕ. ಇನ್ಶೂರೆನ್ಸ್‌ನವರಿಗೂ ಕೂಡ್ಲೇ ತಿಳಸ್ರಿ. ಅಲ್ಲಿ ತಡ ಆದ್ರ ಎದಿ ಒಡ್ಕೋಬ್ಯಾಡ್ರಿ, 2020ರಾಗ ಸುಪ್ರೀಂ ಕೋರ್ಟ್ ಒಂದು ಟ್ರ್ಯಾಕ್ಟರ್ ಕಳವಿನ ಕೇಸಿನ್ಯಾಗನ ಹೇಳೈತಿ, ಎಫ್‌ಐಆರ್ ಕೂಡ್ಲೇ ಆಗಿದ್ರ ಕಂಪನಿಗೆ ತಡಾ ತಿಳಸಿದ್ರು ಅನ್ನೋ ಒಂದ ಕಾರಣಕ್ಕ ಕ್ಲೇಮ್ ತಳ್ಳಿ ಹಾಕಂಗಿಲ್ಲ ಅಂತ.

ಪ್ರಶ್ನೆ: ಟ್ರೇಲರ್‌ಗೆ ಜಿಪಿಎಸ್ ಹಾಕಿಸಿದ್ರ ಹೆಂಗ್ರಿ?
— ಮುಂಡರಗಿ ಓದುಗರು

ಉತ್ತರ: ಹಾಕಸ್ರಿ, ಆದ್ರ ಟ್ರ್ಯಾಕ್ಟರ್ ಬಿಚ್ಚಿದ ಮ್ಯಾಲ ಟ್ರೇಲರ್‌ಗೆ ಕರೆಂಟ್ ಎಲ್ಲಿಂದ ಬರಬೇಕು? ಸ್ವಂತ ಬ್ಯಾಟರಿ ಇರೋದ ಬೇಕು, ಚಾರ್ಜ್ ಮಾಡೋದು, ಸಿಮ್ ರೀಚಾರ್ಜ್ ಮಾಡೋದು ನೆನಪಿರಬೇಕು. ಪೂರ್ತಿ ಕಬ್ಬಿಣದ ಡಬ್ಬಿಯೊಳಗ ಮುಚ್ಚಿಟ್ರ ಸಿಗ್ನಲ್ ಸಿಗಂಗಿಲ್ಲ. ಮೊಬೈಲ್‌ನ್ಯಾಗ ಟ್ರೇಲರ್ ಹೊಂಟಿದ್ದು ಕಾಣಿಸ್ತು ಅಂತ ನೀವ ಬೈಕ್ ಹತ್ತಿ ಬೆನ್ನ ಹತ್ತಬ್ಯಾಡ್ರಿ, 112ಕ್ಕ ಫೋನ್ ಹಚ್ಚಿ ಲೊಕೇಶನ್ ಹೇಳ್ರಿ.