ಹಳೆ ಕಂಪ್ಯೂಟರ್‌ಗೆ ರ‍್ಯಾಮ್ ಹಾಕಿಸಿದರೆ ಸ್ಪೀಡ್ ಆಗುತ್ತಾ?

ಧಾರವಾಡದ ಮನೆಯಲ್ಲಿ 4 ಜಿಬಿ ರ‍್ಯಾಮ್, ವಿಂಡೋಸ್ 10 ಇರುವ ಹಳೆ ಡೆಸ್ಕ್‌ಟಾಪ್. ಮಗಳು ಕ್ರೋಮ್ ತೆರೆದು ಕ್ಲಾಸಿಗೆ ಕೂತರೆ ಮೌಸ್ ಕೂಡ ಅಲುಗಾಡಲ್ಲ. ರ‍್ಯಾಮ್ ಹಾಕಿಸಲಾ, ಹೊಸದೇ ತಗೊಳ್ಳಲಾ ಅಂತ ಕೇಳಿದ್ದೀರಿ.

ಹೊಸದು ಸದ್ಯಕ್ಕೆ ಬೇಡ. ಹಾಗಂತ ರ‍್ಯಾಮ್‌ಗೂ ಈಗಲೇ ದುಡ್ಡು ಬಿಚ್ಚಬೇಡಿ. ಕಂಪ್ಯೂಟರ್ ತೆವಳುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್ ಎರಡನ್ನು ಮಾತ್ರ ನೋಡಿ. ಮೆಮೊರಿ ಶೇ. 90 ದಾಟಿ ಇಳಿಯದೇ ಇದ್ದರೆ ರ‍್ಯಾಮ್ ಸಾಲುತ್ತಿಲ್ಲ. ಮೆಮೊರಿ 50-60ರಲ್ಲೇ ಇದ್ದು ಡಿಸ್ಕ್ 100 ತೋರಿಸುತ್ತಿದ್ದರೆ ಎಷ್ಟು ರ‍್ಯಾಮ್ ಹಾಕಿದರೂ ಅಷ್ಟೇ. ಆಗ ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ಬಹಳ ವೇಗವಾಗಿ ಓದಿ ಬರೆಯುವ ಎಸ್‌ಎಸ್‌ಡಿ ಹಾಕಿಸಬೇಕು.

4 ಜಿಬಿ ಕಂಪ್ಯೂಟರ್‌ಗಳಲ್ಲಿ ನಾನು ಜಾಸ್ತಿ ನೋಡೋದು ಎರಡೂ ಮೇಲೇರಿ ಕೂತಿರೋದನ್ನೇ. ರ‍್ಯಾಮ್ ತುಂಬಿದರೆ ವಿಂಡೋಸ್ ಸದ್ಯಕ್ಕೆ ಬೇಡದ್ದನ್ನು ಹಾರ್ಡ್ ಡಿಸ್ಕ್‌ಗೆ ಎತ್ತಿಡುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಅಡುಗೆ ಕಟ್ಟೆಯಲ್ಲಿ ಜಾಗ ಸಾಲದೆ ಒಂದೊಂದು ಡಬ್ಬಿಗೂ ಅಟ್ಟ ಹತ್ತಿ ಇಳಿದ ಹಾಗೆ. ಕ್ಯಾಬಿನೆಟ್ ಮುಂದಿನ ಕೆಂಪು ಲೈಟ್ ಪಕಪಕ ಅನ್ನುತ್ತಲೇ ಇರುತ್ತಲ್ಲ, ಅದು ಈ ಓಡಾಟವೇ. ಇಲ್ಲಿ ಮೊದಲು ರ‍್ಯಾಮ್ ಹಾಕಿಸಿ.

ಕೊಳ್ಳುವ ಮುಂಚೆ ಇನ್ನೊಂದು ನೋಡಬೇಕು. ಸೆಟ್ಟಿಂಗ್ಸ್‌ನ ಸಿಸ್ಟಮ್, ಅಬೌಟ್‌ನಲ್ಲಿ ವಿಂಡೋಸ್ 32 ಬಿಟ್ ಅಂತಿದ್ದರೆ 4 ಜಿಬಿಗಿಂತ ಮೇಲೆ ಹಾಕಿದ್ದು ಅದಕ್ಕೆ ಕಾಣೋದೇ ಇಲ್ಲ. 64 ಬಿಟ್ ಹೊಸದಾಗಿ ಹಾಕಿಸಬೇಕಾಗುತ್ತದೆ. ಅಂಗಡಿಯವರು ಎಷ್ಟೋ ಸಲ ಇದನ್ನು ಕೇಳೋದೇ ಇಲ್ಲ.

ರ‍್ಯಾಮ್ ಕೂರಿಸುವ ಜಾಗ, ಅಂದರೆ ಸ್ಲಾಟ್, ಖಾಲಿ ಇದೆಯಾ ಅನ್ನೋದು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್, ಮೆಮೊರಿಯಲ್ಲೇ ಇರುತ್ತದೆ. ಖಾಲಿ ಇದ್ದರೆ ಇನ್ನೊಂದು 4 ಜಿಬಿ ಸೇರಿಸಿ, ಸಾಕು. ಡಿಡಿಆರ್3, ಡಿಡಿಆರ್4 ಅಂದರೆ ರ‍್ಯಾಮ್‌ನ ಹಳೆ, ಹೊಸ ತಲೆಮಾರು. ಡಿಡಿಆರ್3 ಇರುವಲ್ಲಿ ಡಿಡಿಆರ್4 ಕೂರಲ್ಲ, ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಹಳೆ ರ‍್ಯಾಮ್ ಸ್ಟಿಕ್ (ಪಟ್ಟಿ) ಮೇಲಿನ ಚೀಟಿಯಲ್ಲಿ ಪಿಸಿ3-12800 ಅಂತಿದ್ದರೆ ಅದು ಡಿಡಿಆರ್3, 1600 ವೇಗದ್ದು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಬಂದು ಕೊಪ್ಪಿಕರ ರಸ್ತೆ ಸುತ್ತೋದಾದರೆ ಆ ಚೀಟಿಯ ಫೋಟೋ ಮೊಬೈಲ್‌ನಲ್ಲಿ ಇರಲಿ. ಡಿಡಿಆರ್3 ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡೇ ಸಿಗೋದು. ಕೆಲಸ ಮಾಡದಿದ್ದರೆ ಬದಲಿಸಿ ಕೊಡ್ತೀರಾ ಅಂತ ಕೇಳಿಯೇ ದುಡ್ಡು ಕೊಡಿ.

ಹಾಕೋದು ನೀವೇ ಹಾಕಬಹುದು. ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಬಿಡಿ. ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ, ಆಮೇಲೆ ಸ್ಟಿಕ್ ಹಿಡಿಯಿರಿ. ಕಚ್ಚು ಹೊಂದಿಸಿ ಎರಡೂ ತುದಿ ಒತ್ತಿದರೆ ಕ್ಲಿಪ್ ಟಕ್ ಅಂತ ತಾನೇ ಕೂರುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಧೂಳು ಗೊತ್ತಲ್ಲ, ಸ್ಲಾಟಿನೊಳಗೂ ಬಿಡಲ್ಲ. ಮೊದಲು ಒಣ ಬ್ರಷ್ ಆಡಿಸಿ. ಆನ್ ಮಾಡಿದಾಗ ಪರದೆ ಕಪ್ಪಾಗಿ ಬೀಪ್ ಬೀಪ್ ಅಂದರೆ ಗಾಬರಿ ಬೇಡ. ಮತ್ತೆ ಪ್ಲಗ್ ಕಿತ್ತು, ಸ್ಟಿಕ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಮಗಳ ಕಂಪಾಸಿನ ರಬ್ಬರ್‌ನಿಂದ ಮೆಲ್ಲಗೆ ತಿಕ್ಕಿ ಪುನಃ ಕೂರಿಸಿ. ಸಾಮಾನ್ಯವಾಗಿ ಅಷ್ಟಕ್ಕೇ ಸರಿ ಹೋಗುತ್ತದೆ.

16 ಜಿಬಿ ಹಾಕಿಸಿ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಡಿಡಿಆರ್3 ಕಾಲದ ಕಂಪ್ಯೂಟರ್ ವಿಂಡೋಸ್ 11ರ ನಿಯಮಕ್ಕೆ ಹೊಂದಲ್ಲ. ಉಳಿದ ದುಡ್ಡಲ್ಲಿ 240 ಜಿಬಿಯ ಸಾಟಾ (ಹಳೆ ಹಾರ್ಡ್ ಡಿಸ್ಕ್‌ನ ಕೇಬಲ್‌ಗೇ ಕೂರುವ) ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಬ್ರೌಸರ್‌ನಲ್ಲಿ ನಡೆಯುವ ಕ್ಲಾಸಿಗೆ ಅದು ಧಾರಾಳವಾಯ್ತು. ಎಸ್‌ಎಸ್‌ಡಿಯನ್ನು ಮುಂದೆ ಬೇರೆ ಕಂಪ್ಯೂಟರ್‌ಗೂ ಹಾಕಬಹುದು, ಡಿಡಿಆರ್3 ರ‍್ಯಾಮ್ ಹೊಸದಕ್ಕೆ ಬರಲ್ಲ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಏನು ಬಂತು ಅಂತ ಬರೆಯಿರಿ, ಯಾವ ಸ್ಟಿಕ್ ಕೇಳಬೇಕು ಅಂತ ಹೇಳ್ತೇನೆ.